ಮಾದರಿ ವಿಮಾನದ ಟೂ-ಸ್ಟ್ರೋಕ್ ಎಂಜಿನ್: ಇಂಧನದಲ್ಲಿ ಎಣ್ಣೆ ಎಷ್ಟಿರಬೇಕು?

ಶೇ. 20 ಮತ್ತು 20:1. ಈ ಎರಡು ಅಳತೆಗಳು ಕಿವಿಗೆ ಒಂದೇ ಥರ ಕೇಳಿಸುತ್ತವೆ, ಆದರೆ ಇವುಗಳ ನಡುವೆ ನಾಲ್ಕು ಪಟ್ಟಿಗೂ ಹೆಚ್ಚು ಅಂತರವಿದೆ. ಮೊದಲನೆಯದೆಂದರೆ ಒಂದು ಲೀಟರ್ ಮಿಶ್ರಣದಲ್ಲಿ 200 ಮಿಲಿ ಎಣ್ಣೆ. ಎರಡನೆಯದೆಂದರೆ 20 ಪಾಲು ಇಂಧನಕ್ಕೆ ಒಂದು ಪಾಲು ಎಣ್ಣೆ, ಅಂದರೆ ಒಂದು ಲೀಟರ್ ಮಿಶ್ರಣದಲ್ಲಿ ಹೆಚ್ಚುಕಡಿಮೆ 48 ಮಿಲಿ ಮಾತ್ರ. ಮೆಥನಾಲ್‌ನಿಂದ ಓಡುವ ಗ್ಲೋ ಎಂಜಿನ್‌ಗಳ ಲೆಕ್ಕ ಶೇಕಡಾದಲ್ಲಿ ನಡೆಯುತ್ತದೆ, ಪೆಟ್ರೋಲ್ ಎಂಜಿನ್‌ಗಳದ್ದು ಅನುಪಾತದಲ್ಲಿ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಿ ಗ್ಲೋ ಎಂಜಿನ್‌ಗೆ 20:1 ಹಾಕಿದರೆ ಮೊದಲ ಹಾರಾಟದಲ್ಲೇ ಅದು ಸೀಜ್ ಆಗಬಹುದು, ಅಂದರೆ ಒಳಗೆ ಬಿಗಿದುಕೊಂಡು ನಿಂತುಬಿಡಬಹುದು. ಪೆಟ್ರೋಲ್ ಎಂಜಿನ್‌ಗೆ ಶೇ. 20 ಎಣ್ಣೆ ಹಾಕಿದರೆ ಪ್ಲಗ್ ಒದ್ದೆಯಾಗಿ, ಹೊಗೆ ತುಂಬಿ, ಎಂಜಿನ್ ಸರಿಯಾಗಿ ಓಡುವುದೇ ಇಲ್ಲ.

ಎಷ್ಟು ಎಣ್ಣೆ ಹಾಕಬೇಕು ಅಂತ ಹತ್ತು ಜನರನ್ನು ಕೇಳಿದರೆ ಹತ್ತು ಸಂಖ್ಯೆ ಬರುತ್ತವೆ. ಹೇಳಿದ ಪ್ರತಿಯೊಬ್ಬರದೂ ಅವರವರ ಎಂಜಿನ್‌ಗೆ ಸರಿಯೇ ಇರುತ್ತದೆ. ನಿಮ್ಮ ಎಂಜಿನ್‌ಗೆ ಸರಿಯಾದ ಸಂಖ್ಯೆ ಅದರ ಒಳಗೇ ಇದೆ: ಯಾವ ಬೇರಿಂಗ್, ಯಾವ ರಾಡ್, ಯಾವ ಪಿಸ್ಟನ್ ಎನ್ನುವುದರಲ್ಲಿ. ಅದನ್ನು ನೋಡಿ ತೀರ್ಮಾನಿಸುವುದು ಹೇಗೆ ಎನ್ನುವುದನ್ನು ಒಂದೊಂದೇ ಹಂತವಾಗಿ ಹೇಳುತ್ತೇನೆ. ತಯಾರಕರು ಕೊಟ್ಟ ಕೈಪಿಡಿ ನಿಮ್ಮ ಬಳಿ ಇದ್ದರೆ ಮೊದಲ ಮಾತು ಅದರದ್ದೇ. ಕೈಪಿಡಿ ಇಲ್ಲದ ಹಳೆಯ ಎಂಜಿನ್ ಕೈಗೆ ಸಿಕ್ಕಾಗ, ಅಥವಾ ಕೈಪಿಡಿ "ಶೇ. 18ರಿಂದ 25" ಎಂದು ಅಗಲವಾಗಿ ಹೇಳಿ ಬಿಟ್ಟಾಗ ಈ ಲೇಖನ ಕೆಲಸಕ್ಕೆ ಬರುತ್ತದೆ.

ಹಂತ 1: ಎಂಜಿನ್ ಯಾವ ಬಗೆಯದು?

ಗ್ಲೋ ಎಂಜಿನ್‌ನ ಪ್ಲಗ್ ಒಳಗೆ ಸಣ್ಣ ಪ್ಲಾಟಿನಂ ಸುರುಳಿ ಇರುತ್ತದೆ. ಸ್ಟಾರ್ಟ್ ಮಾಡುವಾಗ ಅದಕ್ಕೆ ಬ್ಯಾಟರಿ ಕೊಟ್ಟು, ಎಂಜಿನ್ ಹಿಡಿದ ಮೇಲೆ ತೆಗೆಯುತ್ತೇವೆ. ಅಮೆರಿಕದ ರೇ ಆರ್ಡನ್ 1947ರಲ್ಲಿ ಈ ಪ್ಲಗ್ ಅನ್ನು ಮಾರುಕಟ್ಟೆಗೆ ತಂದ ಮೇಲೆ ಸಣ್ಣ ವಿಮಾನಗಳು ಕಾಯಿಲ್, ಬ್ಯಾಟರಿಗಳ ಭಾರವನ್ನು ಹೊರುವುದು ತಪ್ಪಿತು. ಇದರ ಇಂಧನ ಮೆಥನಾಲ್, ಎಣ್ಣೆ, ಮತ್ತು ಬೇಕಿದ್ದರೆ ಸ್ವಲ್ಪ ನೈಟ್ರೋಮೀಥೇನ್.

ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುತ್ತದೆ, ಅದಕ್ಕೆ ಇಗ್ನಿಷನ್ ಬೇಕು. ಮಾದರಿ ಡೀಸೆಲ್ ಎಂಜಿನ್‌ಗೆ ಪ್ಲಗ್ಗೇ ಇಲ್ಲ. ತಲೆಯ ಮೇಲೆ ಒತ್ತಡ ಹೆಚ್ಚು ಕಡಿಮೆ ಮಾಡುವ ಒಂದು ಸ್ಕ್ರೂ ಇದ್ದರೆ ಅದು ಡೀಸೆಲ್. ಇದಕ್ಕೆ ಬಂಕಿನ ಡೀಸೆಲ್ ಹಾಕುವುದಲ್ಲ, ಈಥರ್ ಮತ್ತು ಸೀಮೆಎಣ್ಣೆಯ ಮಿಶ್ರಣ ಬೇಕು.

ಹಂತ 2: ಒಳಗೇನಿದೆ ನೋಡಿ

ಇಡೀ ವಿಷಯದ ತಿರುಳು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಟೂ-ಸ್ಟ್ರೋಕ್ ಎಂಜಿನ್‌ಗೆ ಪ್ರತ್ಯೇಕ ಎಣ್ಣೆಯ ತೊಟ್ಟಿ ಇಲ್ಲ. ಕಾರ್ಬ್ಯುರೇಟರ್‌ನಿಂದ ಬಂದ ಇಂಧನ ಮೊದಲು ಕ್ರ್ಯಾಂಕ್ ತಿರುಗುವ ಗೂಡನ್ನು, ಅಂದರೆ ಕ್ರ್ಯಾಂಕ್‌ಕೇಸ್ ಹೊಕ್ಕು, ಅಲ್ಲಿಂದ ಸಿಲಿಂಡರ್‌ಗೆ ಏರುತ್ತದೆ. ದಾರಿಯಲ್ಲಿ ಅದರೊಳಗಿನ ಎಣ್ಣೆ ಕ್ರ್ಯಾಂಕ್‌ನ ಬೇರಿಂಗ್‌ಗೆ, ಕನೆಕ್ಟಿಂಗ್ ರಾಡ್‌ನ ಎರಡು ತುದಿಗೆ, ಪಿಸ್ಟನ್ನಿನ ಗೋಡೆಗೆ ತಗುಲಬೇಕು. ತಗುಲಿದ್ದಷ್ಟೇ ಎಂಜಿನ್‌ಗೆ ದಕ್ಕಿದ್ದು, ಉಳಿದದ್ದು ಸೈಲೆನ್ಸರ್‌ನಿಂದ ಹೊರಗೆ.

ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಕಷ್ಟಪಡುವ ಜಾಗ ರಾಡ್‌ನ ಕೆಳತುದಿ. ಗ್ಲೋ ಎಂಜಿನ್‌ಗಳಲ್ಲಿ ಅದು ಸಾಮಾನ್ಯವಾಗಿ ಅಲ್ಯೂಮಿನಿಯಂ ರಾಡ್. ಒಳಗೆ ಕಂಚಿನ ತೆಳು ಬುಶ್ (ಬಳೆಯಂಥ ಒಳಪದರ) ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ. ರೋಲರ್ ಇರುವುದಿಲ್ಲ. 12,000 ಆರ್‌ಪಿಎಂನಲ್ಲಿ ಓಡುವಾಗ ಪ್ರತಿ ಸೆಕೆಂಡಿಗೆ 200 ಸಲ ಸ್ಫೋಟದ ಹೊಡೆತ ಈ ತುದಿಯ ಮೇಲೆ ಬೀಳುತ್ತದೆ. ಲೋಹ ಲೋಹಕ್ಕೆ ತಾಗದಂತೆ ತಡೆಯುವುದು ಅಲ್ಲಿ ಸೇರಿಕೊಂಡ ಎಣ್ಣೆಯ ಪದರ ಒಂದೇ. ಪೆಟ್ರೋಲ್ ಎಂಜಿನ್‌ನ ಕಥೆ ಬೇರೆ: ರಾಡ್ ಉಕ್ಕಿನದ್ದು, ಸಾಮಾನ್ಯವಾಗಿ ಎರಡೂ ತುದಿಗೆ ಸೂಜಿ ಬೇರಿಂಗ್ ಇರುತ್ತದೆ, ವೇಗವೂ ಕಡಿಮೆ. ಉರುಳುವ ಬೇರಿಂಗ್‌ಗೆ ಎಣ್ಣೆಯ ಪಸೆ ಇದ್ದರೆ ಸಾಕು, ಜಾರುವ ಬುಶ್‌ಗೆ ಎಣ್ಣೆಯ ಪದರವೇ ಬೇಕು. ಜೊತೆಗೆ ಮೆಥನಾಲ್‌ಗೆ ಜಿಡ್ಡಿನ ಗುಣವೇ ಇಲ್ಲ, ಎಣ್ಣೆಯೇ ಎಂಜಿನ್‌ನ ಒಂದಿಷ್ಟು ಶಾಖವನ್ನೂ ಹೊತ್ತು ಹೊರಗೆ ಹಾಕಬೇಕು. ಪೆಟ್ರೋಲ್‌ಗೆ ಶೇ. 3 ಸಾಕಾಗುವ ಕಡೆ ಗ್ಲೋ ಎಂಜಿನ್‌ಗೆ ಶೇ. 20 ಯಾಕೆ ಬೇಕು ಎನ್ನುವ ಪ್ರಶ್ನೆಗೆ ಇಷ್ಟೇ ಉತ್ತರ.

ಈಗ ನಿಮ್ಮ ಎಂಜಿನ್ ಕೈಗೆತ್ತಿಕೊಳ್ಳಿ. ಎರಡು ಸಂಗತಿ ತಿಳಿಯಬೇಕು.

ಮೊದಲನೆಯದು, ಕ್ರ್ಯಾಂಕ್ ಯಾವುದರ ಮೇಲೆ ಕೂತಿದೆ? ಬಾಲ್ ಬೇರಿಂಗ್ ಇದ್ದರೆ ಎಂಜಿನ್ನಿನ ಮೈಮೇಲೋ ಪೆಟ್ಟಿಗೆಯ ಮೇಲೋ "ಬಿಬಿ" ಎಂಬ ಗುರುತು ಇರುವುದುಂಟು. ಇಲ್ಲದಿದ್ದರೆ ಪ್ರೊಪೆಲ್ಲರ್ ಬಿಚ್ಚಿ, ಹಿಂದಿನ ಬಿಲ್ಲೆಯನ್ನು ತೆಗೆದು ನೋಡಿ. ಬೇರಿಂಗ್‌ನ ಉಂಗುರ ಕಾಣಿಸಿದರೆ ಬಾಲ್ ಬೇರಿಂಗ್. ಬರೀ ಕಂಚಿನ ಕೊಳವೆಯಿಂದ ಕ್ರ್ಯಾಂಕ್ ಹೊರಬಂದಿದ್ದರೆ ಬುಶ್. ಬುಶ್ ಎಂಜಿನ್ ಓಡುವಾಗ ಮುಂಭಾಗದಲ್ಲಿ ಎಣ್ಣೆ ಜಿನುಗುತ್ತದೆ. ಅದು ಸೋರಿಕೆಯ ರೋಗವಲ್ಲ, ಬುಶ್‌ಗೆ ಎಣ್ಣೆ ತಲುಪುತ್ತಿರುವ ಗುರುತು. ಅದನ್ನು ಮುಚ್ಚಲು ಹೋಗಬೇಡಿ.

ಎರಡನೆಯದು, ಪಿಸ್ಟನ್ ಎಂಥದ್ದು? ಪ್ಲಗ್ ಬಿಚ್ಚಿ, ಪ್ರೊಪೆಲ್ಲರ್ ಅನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಪಿಸ್ಟನ್ ಮೇಲ್ತುದಿಗೆ ಬಂದಾಗ, ಪ್ಲಗ್ ಇಲ್ಲದಿದ್ದರೂ, ಹಿಡಿದುಕೊಂಡಂತಾಗಿ ಬಿಗಿಯಾದರೆ ಅದು ಎಬಿಸಿ ಜಾತಿಯದು: ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಲೇಪದ ಹಿತ್ತಾಳೆ ಲೈನರ್ (ಪಿಸ್ಟನ್ ಓಡುವ ಒಳಕೊಳವೆ). ಲೈನರ್‌ನ ಮೇಲ್ಭಾಗ ಬೇಕೆಂದೇ ಕಿರಿದಾಗಿರುತ್ತದೆ. ಬಿಸಿಯಾದಾಗ ಹಿಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಎಲ್ಲೂ ಬಿಗಿ ಇಲ್ಲದೆ ಒಂದೇ ಸಮ ಜಾರಿದರೆ ರಿಂಗ್ ಇರುವ ಪಿಸ್ಟನ್, ಇಲ್ಲವೇ ಉಕ್ಕಿನ ಸಿಲಿಂಡರ್‌ನಲ್ಲಿ ಓಡುವ ಹಳೆಯ ಕಾಲದ ಕಬ್ಬಿಣದ ಪಿಸ್ಟನ್. ಹೊಗೆ ಹೊರಬರುವ ಕಿಂಡಿಯಿಂದ ಒಳಗೆ ಬೆಳಕು ಬಿಟ್ಟು ನೋಡಿದರೆ ರಿಂಗ್‌ನ ಗೆರೆ ಕಾಣುತ್ತದೆ.

ಹಂತ 3: ಗ್ಲೋ ಎಂಜಿನ್‌ಗೆ ಶೇಕಡಾ ಆರಿಸಿ

ಮುಂದಿನ ಸಂಖ್ಯೆಗಳೆಲ್ಲ ಗಾತ್ರದ ಲೆಕ್ಕ, ಅಂದರೆ ಮಿಲಿಯಲ್ಲಿ ಅಳೆದದ್ದು.

ಬಾಲ್ ಬೇರಿಂಗ್, ಎಬಿಸಿ ಅಥವಾ ರಿಂಗ್, 0.25ರಿಂದ 0.60 ಘನ ಇಂಚಿನವರೆಗಿನ (ಅಂದರೆ 4ರಿಂದ 10 ಸಿಸಿ) ಸಾಮಾನ್ಯ ಕ್ರೀಡಾ ಎಂಜಿನ್: ಶೇ. 18ರಿಂದ 20. ಶೇ. 16ಕ್ಕೆ ಇಳಿಸಿಯೂ ಓಡಿಸುವವರಿದ್ದಾರೆ. ಓಡುತ್ತದೆ ನಿಜ, ಆದರೆ ನೀಡಲ್ (ಕಾರ್ಬ್ಯುರೇಟರ್‌ನಲ್ಲಿ ಇಂಧನದ ಹರಿವನ್ನು ಹೊಂದಿಸುವ ಸ್ಕ್ರೂ) ಸ್ವಲ್ಪ ತಪ್ಪಿದರೂ ತಾಳಿಕೊಳ್ಳುವ ಶಕ್ತಿ ಆಗ ಉಳಿಯುವುದಿಲ್ಲ. ಹೊಸದಾಗಿ ಹಾರಿಸಲು ಕಲಿಯುತ್ತಿರುವವರು ಶೇ. 20ಕ್ಕಿಂತ ಕೆಳಗೆ ಹೋಗಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಬುಶ್ ಇರುವ ಎಂಜಿನ್: ಶೇ. 20ರಿಂದ 23.

ಕಾಕ್ಸ್‌ನಂಥ 0.049 ಘನ ಇಂಚಿನ (0.8 ಸಿಸಿ) ಪುಟಾಣಿ ಎಂಜಿನ್: ಶೇ. 20ರಿಂದ 25, ಅದರಲ್ಲಿ ಕಡೇಪಕ್ಷ ಅರ್ಧ ಹರಳೆಣ್ಣೆ ಇರಲೇಬೇಕು. ಈ ಎಂಜಿನ್‌ಗಳಲ್ಲಿ ರಾಡ್ ಮತ್ತು ಪಿಸ್ಟನ್ ಸೇರುವುದು ಪಿನ್‌ನಿಂದಲ್ಲ, ಗುಂಡು ತುದಿಯೊಂದು ಗೂಡಿನಲ್ಲಿ ಕೂರುವ ಕೀಲಿನಿಂದ. ಎಣ್ಣೆ ಒಂದಿಷ್ಟು ಕಮ್ಮಿಯಾದರೂ ಮೊದಲು ಸಡಿಲವಾಗುವುದು ಆ ಕೀಲೇ.

ಕಬ್ಬಿಣದ ಪಿಸ್ಟನ್, ಉಕ್ಕಿನ ಸಿಲಿಂಡರ್‌ನ ಹಳೆಯ ಎಂಜಿನ್‌ಗಳು, ಅದರಲ್ಲೂ ಕಂಟ್ರೋಲ್ ಲೈನ್ (ತಂತಿ ಹಿಡಿದು ವಿಮಾನವನ್ನು ಸುತ್ತ ಹಾರಿಸುವ) ಕಸರತ್ತಿಗೆ ಹೆಸರಾದ ಫಾಕ್ಸ್ 0.35ರಂಥವು: ಶೇ. 25ರಿಂದ 28, ಬಹುಪಾಲು ಹರಳೆಣ್ಣೆಯೇ. ಇಷ್ಟು ಎಣ್ಣೆಯೇ ಅಂತ ಬೆರಗಾಗಬೇಡಿ, ಈ ಎಂಜಿನ್‌ಗಳನ್ನು ರೂಪಿಸಿದ್ದೇ ಅಂಥ ಇಂಧನಕ್ಕೆ.

ಡಕ್ಟೆಡ್ ಫ್ಯಾನ್ (ಕೊಳವೆಯೊಳಗೆ ತಿರುಗುವ ಫ್ಯಾನ್), ಹೆಲಿಕಾಪ್ಟರ್‌ಗಳಂತೆ ಉಸಿರು ಬಿಡಲು ಸಮಯವಿಲ್ಲದೆ ಒಂದೇ ಸಮ ದುಡಿಯುವ ಎಂಜಿನ್‌ಗಳಿಗೆ ಶೇ. 20ಕ್ಕಿಂತ ಕಡಿಮೆ ಮಾಡಬೇಡಿ.

ಸ್ಪರ್ಧೆಯ ಎಂಜಿನ್‌ಗಳು ಇದಕ್ಕಿಂತ ಕಡಿಮೆ ಎಣ್ಣೆಯಲ್ಲಿ ಓಡುತ್ತವೆ ಎಂಬ ನಂಬಿಕೆ ಕೆಲವರಲ್ಲಿದೆ. ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟವಾದ ಎಫ್‌ಎಐ ನಿಯಮದ ಎಫ್2ಎ ಎಂಬ ವೇಗ ಸ್ಪರ್ಧೆಯನ್ನೇ ನೋಡಿ. 2.5 ಸಿಸಿ ಎಂಜಿನ್ ನಿಮಿಷಕ್ಕೆ 40 ಸಾವಿರದ ಆಸುಪಾಸಿನಲ್ಲಿ ತಿರುಗುತ್ತದೆ. ಇಂಧನ ಎಲ್ಲರಿಗೂ ಒಂದೇ: 80 ಪಾಲು ಮೆಥನಾಲ್, 20 ಪಾಲು ಹರಳೆಣ್ಣೆ.

ಇಲ್ಲಿ ಎರಡು ಎಚ್ಚರಿಕೆ. ನೈಟ್ರೋ ಹೆಚ್ಚಿಸಬೇಕೆಂದರೆ ಮೆಥನಾಲ್ ಕಡಿಮೆ ಮಾಡಿ, ಎಣ್ಣೆಯ ಪಾಲಿಗೆ ಕೈ ಹಾಕಬೇಡಿ. ಇನ್ನು, ರೇಡಿಯೊ ಕಂಟ್ರೋಲ್ ಕಾರುಗಳಿಗೆಂದು ಸಿದ್ಧಪಡಿಸಿದ ಇಂಧನದಲ್ಲಿ ನೈಟ್ರೋ ಹೆಚ್ಚು, ಎಣ್ಣೆ ಬಹಳ ಕಡಿಮೆ ಇರುತ್ತದೆ. ಕಾರಿನ ಎಂಜಿನ್‌ಗೆ ಪ್ರತಿ ತಿರುವಿನಲ್ಲೂ ಥ್ರಾಟಲ್ ಇಳಿಯುತ್ತದೆ, ವಿಮಾನದ ಎಂಜಿನ್ ಮಾತ್ರ ಪೂರ್ತಿ ಥ್ರಾಟಲ್‌ನಲ್ಲಿ ನಿಮಿಷಗಟ್ಟಲೆ ಓಡುತ್ತದೆ. ಆ ಇಂಧನವನ್ನು ವಿಮಾನಕ್ಕೆ ಹಾಕಬೇಡಿ.

ಹಂತ 4: ಹರಳೆಣ್ಣೆಯೋ ಸಿಂಥೆಟಿಕ್ಕೋ?

ಎಷ್ಟು ಎಣ್ಣೆ ಎನ್ನುವಷ್ಟೇ ಮುಖ್ಯವಾದದ್ದು ಯಾವ ಎಣ್ಣೆ ಎನ್ನುವುದು.

ಹರಳೆಣ್ಣೆ ವಿಮಾನದ ಎಂಜಿನ್‌ಗಳ ಹಳೆಯ ಸಂಗಾತಿ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗಳಲ್ಲಿ ಪೆಟ್ರೋಲ್ ಕ್ರ್ಯಾಂಕ್‌ಕೇಸ್ ಮೂಲಕವೇ ಹಾದುಹೋಗುತ್ತಿತ್ತು. ಸಾಮಾನ್ಯ ಖನಿಜ ಎಣ್ಣೆಯನ್ನು ಪೆಟ್ರೋಲ್ ತೊಳೆದುಬಿಡುತ್ತದೆ. ಹರಳೆಣ್ಣೆ ಪೆಟ್ರೋಲ್‌ನಲ್ಲಿ ಸುಲಭವಾಗಿ ಕರಗದ ಕಾರಣ ಉಳಿದುಕೊಳ್ಳುತ್ತಿತ್ತು. ಅದೇ ಎಣ್ಣೆ ಮೆಥನಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಅದರ ದೊಡ್ಡ ಗುಣ ಕಾಣಿಸುವುದು ಎಂಜಿನ್ ಅತಿಯಾಗಿ ಬಿಸಿಯಾದಾಗ. ಸಿಂಥೆಟಿಕ್ ಎಣ್ಣೆ ಒಂದು ಮಟ್ಟದ ಶಾಖದ ನಂತರ ಆವಿಯಾಗಿ ಹೋಗುತ್ತದೆ, ಹರಳೆಣ್ಣೆ ಹಾಗೆ ಬಿಟ್ಟುಹೋಗುವುದಿಲ್ಲ. ಅದು ಗಟ್ಟಿಯಾಗುತ್ತಾ ಲೋಹಕ್ಕೆ ಅಂಟಿಕೊಂಡು ಕೊನೆಯವರೆಗೂ ಪದರವಾಗಿ ನಿಲ್ಲುತ್ತದೆ. ಹಾರಾಟದ ಮಧ್ಯೆ ಇಂಧನ ಕಡಿಮೆಯಾಗಿ ಎಂಜಿನ್ ಲೀನ್ ಆದಾಗ, ನೀವು ಥ್ರಾಟಲ್ ಇಳಿಸುವವರೆಗಿನ ಆ ಕೆಲವು ಸೆಕೆಂಡುಗಳಲ್ಲಿ ಎಂಜಿನ್ ಉಳಿಸುವುದು ಹರಳೆಣ್ಣೆ. ತುಕ್ಕಿನಿಂದ ರಕ್ಷಣೆ ಕೊಡುವುದರಲ್ಲೂ ಅದು ಮುಂದು.

ದೋಷವೂ ಅದೇ ಗುಣದ ಇನ್ನೊಂದು ಮುಖ. ಅಂಟಿಕೊಂಡದ್ದು ಕಂದು ಬಣ್ಣದ ವಾರ್ನಿಶ್ ಆಗುತ್ತದೆ. ಪಿಸ್ಟನ್ ಮೇಲೆ, ರಿಂಗ್‌ನ ಕಾಲುವೆಯಲ್ಲಿ, ಸೈಲೆನ್ಸರ್ ಒಳಗೆ ಕೂರುತ್ತದೆ. ಬಹಳ ದಿನ ಬಿಟ್ಟ ಎಂಜಿನ್ ಅಂಟು ಹಿಡಿದು ತಿರುಗುವುದೇ ಇಲ್ಲ. ಸಿಂಥೆಟಿಕ್ ಎಣ್ಣೆ ಸ್ವಚ್ಛ, ತೆಳು, ವಿಮಾನದ ಮೈ ಒರೆಸುವುದೂ ಸುಲಭ. ಆದರೆ ತುಕ್ಕು ತಡೆಯುವುದರಲ್ಲಿ ಹಿಂದೆ.

ಹೀಗಾಗಿ ಎರಡನ್ನೂ ಬೆರೆಸುವುದೇ ಒಳ್ಳೆಯದು. ಬಾಲ್ ಬೇರಿಂಗ್‌ನ ಇಂದಿನ ಎಂಜಿನ್‌ಗೆ ಒಟ್ಟು ಎಣ್ಣೆಯ ಐದರಲ್ಲೊಂದು ಪಾಲು ಹರಳೆಣ್ಣೆ ಇದ್ದರೆ ಸಾಕು. ಉದಾಹರಣೆಗೆ ಶೇ. 20 ಎಣ್ಣೆಯಲ್ಲಿ 16 ಸಿಂಥೆಟಿಕ್, 4 ಹರಳೆಣ್ಣೆ. ಬುಶ್ ಎಂಜಿನ್‌ಗೆ ಅರ್ಧರ್ಧ. ಕಬ್ಬಿಣದ ಪಿಸ್ಟನ್‌ನ ಹಳಬನಿಗೆ ಪೂರ್ತಿ ಹರಳೆಣ್ಣೆ, ಅಥವಾ ಅದಕ್ಕೆ ಹತ್ತಿರ.

ಎಲ್ಲ ಹರಳೆಣ್ಣೆಯೂ ಆಗುವುದಿಲ್ಲ. ಮೊದಲ ಹಿಂಡಿನ, ಅಂಟು ತೆಗೆದು ಶುದ್ಧೀಕರಿಸಿದ, ತಿಳಿ ಬಣ್ಣದ ಎಣ್ಣೆ ಬೇಕು. ಸುಗಂಧ, ಬಣ್ಣ, ಬೇರೆ ಎಣ್ಣೆ ಬೆರೆತದ್ದು ಬೇಡ. ಪೆಟ್ರೋಲ್ ಎಂಜಿನ್‌ಗೆಂದು ತಯಾರಾದ 2ಟಿ ಆಯಿಲ್ ಅನ್ನು ಗ್ಲೋ ಇಂಧನಕ್ಕೆ ಹಾಕಲೇಬೇಡಿ, ಅದು ಮೆಥನಾಲ್‌ನಲ್ಲಿ ಕರಗುವುದಿಲ್ಲ. ಡಬ್ಬಿ ಕುಲುಕಿದಾಗ ಬೆರೆತಂತೆ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಪದರ ಬೇರೆಯಾಗುತ್ತದೆ, ಎಂಜಿನ್‌ಗೆ ಬರೀ ಮೆಥನಾಲ್ ಹೋಗುತ್ತದೆ. ಹೊಸ ಎಣ್ಣೆ ಯಾವುದನ್ನೇ ತಂದರೂ ಮೊದಲು ಒಂದು ಗಾಜಿನ ಶೀಶೆಯಲ್ಲಿ ಸ್ವಲ್ಪವೇ ಬೆರೆಸಿ, ಒಂದು ರಾತ್ರಿ ಬಿಟ್ಟು, ಬೆಳಕಿಗೆ ಹಿಡಿದು ನೋಡಿ. ಗೆರೆ ಕಂಡರೆ ಅಥವಾ ಮಸುಕಾಗಿದ್ದರೆ ಆ ಎಣ್ಣೆ ಬೇಡ.

ಹಂತ 5: ಅಳೆದು ಬೆರೆಸುವುದು

ಮೆಥನಾಲ್ ವಿಷ. ಕುಡಿದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗಬಹುದು. ಚರ್ಮದ ಮೂಲಕವೂ ಒಳಸೇರುತ್ತದೆ. ಪೈಪ್ ಬಾಯಲ್ಲಿಟ್ಟು ಎಳೆಯಬೇಡಿ. ಕೈಗವಸು ಹಾಕಿ, ಗಾಳಿಯಾಡುವ ಜಾಗದಲ್ಲಿ ಬೆರೆಸಿ. ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೇ ಕಾಣುವುದಿಲ್ಲ, ಆದ್ದರಿಂದ ಹತ್ತಿರದಲ್ಲಿ ಬೆಂಕಿ, ಸಿಗರೇಟು, ಕಿಡಿ ಯಾವುದೂ ಇರಬಾರದು. ಮಕ್ಕಳ ಕೈಗೆ ಸಿಗುವ ಕಡೆ, ನೀರಿನ ಬಾಟಲಿಯಲ್ಲಿ ಈ ಇಂಧನವನ್ನು ಎಂದೂ ಇಡಬೇಡಿ.

ಶೇ. 20 ಎಣ್ಣೆ, ಶೇ. 10 ನೈಟ್ರೋ ಇರುವ ಒಂದು ಲೀಟರ್ ಬೇಕೆಂದರೆ 700 ಮಿಲಿ ಮೆಥನಾಲ್, 200 ಮಿಲಿ ಎಣ್ಣೆ, 100 ಮಿಲಿ ನೈಟ್ರೋಮೀಥೇನ್. ಮೊದಲು ಎಣ್ಣೆಯನ್ನು ಮೆಥನಾಲ್‌ನಲ್ಲಿ ಪೂರ್ತಿ ಕರಗಿಸಿ, ಆಮೇಲೆ ನೈಟ್ರೋ ಸೇರಿಸಿ.

ಹರಳೆಣ್ಣೆ ಅಳೆಯುವಾಗ ಒಂದು ತೊಡಕಿದೆ. ಅಳತೆಯ ಪಾತ್ರೆಯಿಂದ ಸುರಿದಾಗ ಒಂದಷ್ಟು ಗೋಡೆಗೆ ಅಂಟಿ ಉಳಿಯುತ್ತದೆ, ನಿಮಗೆ ಗೊತ್ತಿಲ್ಲದಂತೆ ಇಂಧನದಲ್ಲಿ ಎಣ್ಣೆ ಕಡಿಮೆಯಾಗುತ್ತದೆ. ಅದೇ ಪಾತ್ರೆಯಲ್ಲಿ ಮೆಥನಾಲ್ ಅಳೆದರೆ ಅಂಟಿದ್ದೂ ತೊಳೆದು ಬರುತ್ತದೆ. ಇನ್ನೂ ನೇರವಾದ ದಾರಿ ತೂಕದ್ದು. ಹರಳೆಣ್ಣೆಯ ಸಾಂದ್ರತೆ ಮಿಲಿಗೆ 0.96 ಗ್ರಾಂ. ಖಾಲಿ ಡಬ್ಬಿಯನ್ನು ತೂಕದ ಮೇಲಿಟ್ಟು ಸೊನ್ನೆ ಮಾಡಿ, 192 ಗ್ರಾಂ ಬರುವವರೆಗೆ ಎಣ್ಣೆ ಸುರಿಯಿರಿ, ಅದೇ 200 ಮಿಲಿ.

ಗಾತ್ರ ಮತ್ತು ತೂಕವನ್ನು ಮಾತ್ರ ಒಂದಕ್ಕೊಂದು ಬೆರೆಸಬೇಡಿ. ಮೆಥನಾಲ್ ಹಗುರ, ಮಿಲಿಗೆ 0.79 ಗ್ರಾಂ. ಹಾಗಾಗಿ ತೂಕದಲ್ಲಿ ಶೇ. 20 ಹರಳೆಣ್ಣೆ ಮತ್ತು ಉಳಿದದ್ದು ಮೆಥನಾಲ್ ಇರುವ ಇಂಧನದಲ್ಲಿ, ಗಾತ್ರದ ಲೆಕ್ಕಕ್ಕೆ ಬಂದರೆ, ಎಣ್ಣೆ ಬರೀ ಶೇ. 17. ಕೊಂಡ ಡಬ್ಬಿಯ ಮೇಲೆ ಶೇಕಡಾ ಬರೆದಿದ್ದರೆ ಅದು ಯಾವ ಲೆಕ್ಕದ್ದು ಎನ್ನುವುದನ್ನೂ ಓದಿ.

ಸಿದ್ಧ ಇಂಧನ ಕೊಂಡು, ಅದಕ್ಕೆ ಎಣ್ಣೆ ಸೇರಿಸಬೇಕಾದ ಸಂದರ್ಭವೇ ಹೆಚ್ಚು. ಲೆಕ್ಕ ಹೀಗೆ: ಬೇಕಾದ ಶೇಕಡಾದಿಂದ ಈಗಿರುವ ಶೇಕಡಾವನ್ನು ಕಳೆಯಿರಿ. ಅದನ್ನು, ನೂರರಿಂದ ಬೇಕಾದ ಶೇಕಡಾ ಕಳೆದು ಬಂದ ಸಂಖ್ಯೆಯಿಂದ ಭಾಗಿಸಿ. ಸಾವಿರದಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿ ಸೇರಿಸಬೇಕೆಂದು ಸಿಗುತ್ತದೆ. ಶೇ. 18 ಇರುವುದನ್ನು 22ಕ್ಕೆ ಏರಿಸಲು 4 ಭಾಗಿಸು 78, ಅಂದರೆ ಲೀಟರಿಗೆ 51 ಮಿಲಿ. 18ರಿಂದ 25ಕ್ಕೆ 93 ಮಿಲಿ. ಬರೀ 40 ಮಿಲಿ ಹಾಕಿದರೆ ಶೇ. 4 ಏರಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಎಣ್ಣೆ ಸೇರಿದಾಗ ಒಟ್ಟು ಗಾತ್ರವೂ ಬೆಳೆಯುತ್ತದೆ, ಅದಕ್ಕೇ ಈ ಭಾಗಾಕಾರ.

ಹಂತ 6: ಪೆಟ್ರೋಲ್ ಎಂಜಿನ್ ಆದರೆ

ಇಲ್ಲಿ ಲೆಕ್ಕ ಸರಳ. ಸಾವಿರವನ್ನು ಅನುಪಾತದಿಂದ ಭಾಗಿಸಿ, ಒಂದು ಲೀಟರ್ ಪೆಟ್ರೋಲ್‌ಗೆ ಅಷ್ಟು ಮಿಲಿ ಎಣ್ಣೆ. 20:1ಕ್ಕೆ 50 ಮಿಲಿ, 25:1ಕ್ಕೆ 40, 32:1ಕ್ಕೆ 31, 40:1ಕ್ಕೆ 25, 50:1ಕ್ಕೆ 20. ಅನುಪಾತದ ಸಂಖ್ಯೆ ದೊಡ್ಡದಾದಷ್ಟೂ ಎಣ್ಣೆ ಕಡಿಮೆ.

10ರಿಂದ 20 ಸಿಸಿಯ ಸಣ್ಣ ಎಂಜಿನ್‌ಗಳಿಗೆ 20:1ರಿಂದ 30:1 ಒಳ್ಳೆಯದು. ಅದಕ್ಕಿಂತ ದೊಡ್ಡವಕ್ಕೆ 30:1ರಿಂದ 40:1. 50:1 ಬೇಕೆಂದರೆ ತಯಾರಕರೇ ಆ ಎಣ್ಣೆಗೆ ಹಾಗೆಂದು ಹೇಳಿರಬೇಕು. ಹೊಸ ಎಂಜಿನ್ ಪಳಗಿಸುವಾಗ ಒಂದು ಮೆಟ್ಟಿಲು ಹೆಚ್ಚು ಎಣ್ಣೆ ಕೊಡಿ: ಮುಂದೆ 32:1 ಓಡಿಸುವುದಿದ್ದರೆ ಈಗ 25:1.

ಎಣ್ಣೆಯ ಡಬ್ಬಿಯ ಮೇಲೆ ಜಾಸೊ (ಜಪಾನಿನ ಗುಣಮಟ್ಟದ ದರ್ಜೆ) ಎಫ್‌ಸಿ ಅಥವಾ ಎಫ್‌ಡಿ ಗುರುತು ನೋಡಿ. ಎಫ್‌ಡಿ ದರ್ಜೆಯ ಎಣ್ಣೆ ಎಂಜಿನ್ ಒಳಗನ್ನು ಹೆಚ್ಚು ಸ್ವಚ್ಛವಾಗಿಡುತ್ತದೆ. ಟಿಸಿ-ಡಬ್ಲ್ಯು3 ಎಂದು ಬರೆದದ್ದು ನೀರಿನಿಂದ ತಣಿಯುವ ದೋಣಿ ಎಂಜಿನ್‌ನ ಎಣ್ಣೆ. ಗಾಳಿಯಿಂದ ತಣಿಯುವ ನಮ್ಮ ಎಂಜಿನ್‌ಗಳು ಅದಕ್ಕಿಂತ ಬಹಳ ಬಿಸಿಯಾಗಿ ಓಡುತ್ತವೆ, ಆ ಎಣ್ಣೆ ಬೇಡ. ಫೋರ್-ಸ್ಟ್ರೋಕ್ ಎಂಜಿನ್ ಆಯಿಲ್ ಕೂಡ ಬೇಡ, ಉರಿದಾಗ ಬೂದಿ ಬಿಡುತ್ತದೆ.

ಪೆಟ್ರೋಲ್‌ನಲ್ಲಿ ಎಥನಾಲ್ ಬೆರೆತಿದ್ದರೆ ಅದು ನೀರನ್ನು ಹೀರುತ್ತದೆ, ಕಾರ್ಬ್ಯುರೇಟರ್‌ನ ಪೊರೆಯನ್ನೂ ಹಾಳುಮಾಡುತ್ತದೆ. ಎಥನಾಲ್ ಕಡಿಮೆ ಇರುವುದನ್ನೇ ಹುಡುಕಿ, ಒಂದು ತಿಂಗಳಲ್ಲಿ ಮುಗಿಯುವಷ್ಟೇ ಬೆರೆಸಿ. ಗ್ಲೋ ಇಂಧನಕ್ಕೆ ಬಳಸುವ ಸಿಲಿಕೋನ್ ಪೈಪು ಪೆಟ್ರೋಲ್‌ನಲ್ಲಿ ಊದಿಕೊಳ್ಳುತ್ತದೆ. ಪೈಪು ಮತ್ತು ಟ್ಯಾಂಕಿನ ಬಿರಡೆ ಎರಡೂ ಪೆಟ್ರೋಲ್‌ಗೆ ಹೊಂದುವಂಥದ್ದೇ ಇರಲಿ.

ಮಾದರಿ ಡೀಸೆಲ್‌ಗೆ ಹಳೆಯ ಪಾಕವೆಂದರೆ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಸಮಸಮ ಮೂರು ಪಾಲು. ಚೆನ್ನಾಗಿ ಪಳಗಿದ ಬಾಲ್ ಬೇರಿಂಗ್ ಎಂಜಿನ್‌ಗೆ ಎಣ್ಣೆಯನ್ನು ಶೇ. 20ರಿಂದ 25ಕ್ಕೆ ಇಳಿಸಿ, ಇಳಿಸಿದಷ್ಟು ಸೀಮೆಎಣ್ಣೆ ಸೇರಿಸಬಹುದು. ಈಥರ್‌ನ ಆವಿ ನೆಲದುದ್ದ ಹರಿದು ದೂರದ ಕಿಡಿಯನ್ನೂ ಹಿಡಿಯುತ್ತದೆ. ಅನುಭವಿಗಳ ಜೊತೆ ಇಲ್ಲದೆ ಇದನ್ನು ಮನೆಯಲ್ಲಿ ಬೆರೆಸಲು ಹೋಗಬೇಡಿ.

ಹಂತ 7: ಎಣ್ಣೆ ಬದಲಾದರೆ ನೀಡಲ್ ಕೂಡ ಬದಲಾಗಬೇಕು

ಹೆಚ್ಚು ಎಣ್ಣೆ ಹಾಕಿದರೆ ಮಿಶ್ರಣ ರಿಚ್ ಆಯಿತು ಎಂದು ತಿಳಿಯುವುದು ಸಾಮಾನ್ಯ. ಆಗುವುದು ಇದಕ್ಕೆ ತದ್ವಿರುದ್ಧ. ರಿಚ್, ಲೀನ್ ಎನ್ನುವುದು ಗಾಳಿ ಮತ್ತು ಉರಿಯುವ ಇಂಧನದ ನಡುವಿನ ಲೆಕ್ಕ: ಇಂಧನ ಹೆಚ್ಚಿದ್ದರೆ ರಿಚ್, ಕಡಿಮೆಯಿದ್ದರೆ ಲೀನ್. ಎಣ್ಣೆ ಶೇ. 20ರಿಂದ 25ಕ್ಕೆ ಏರಿದರೆ ಉರಿಯುವ ಭಾಗ 80ರಿಂದ 75ಕ್ಕೆ ಇಳಿಯುತ್ತದೆ, ಅಂದರೆ ಸುಮಾರು ಶೇ. 6 ಕಡಿಮೆ. ಎಣ್ಣೆ ಹೆಚ್ಚಾದ ಇಂಧನ ದಪ್ಪವೂ ಆಗಿರುವುದರಿಂದ ನೀಡಲ್‌ನ ಸಂದಿಯಲ್ಲಿ ಇನ್ನೂ ನಿಧಾನ ಹರಿಯುತ್ತದೆ. ನೀಡಲ್ ಹಾಗೇ ಬಿಟ್ಟರೆ ಎಂಜಿನ್ ಲೀನ್ ಆಗಿ ಬಿಸಿಯೇರುತ್ತದೆ. ಎಂಜಿನ್ ಉಳಿಸಲೆಂದು ಎಣ್ಣೆ ಹೆಚ್ಚಿಸಿದವರು ಎಂಜಿನ್ ಕಳೆದುಕೊಳ್ಳುವುದು ಇಲ್ಲೇ. ಪೆಟ್ರೋಲ್‌ನಲ್ಲಿ ವ್ಯತ್ಯಾಸ ಸಣ್ಣದು: 50:1ರಿಂದ 25:1ಕ್ಕೆ ಬಂದರೂ ಉರಿಯುವ ಭಾಗ ಶೇ. 2ರಷ್ಟು ಮಾತ್ರ ಇಳಿಯುತ್ತದೆ. ಆದರೂ ಒಮ್ಮೆ ಪರೀಕ್ಷಿಸಿ.

ಇಂಧನ ಬದಲಾದ ದಿನ ನೀಡಲ್ ಅನ್ನು ಅರ್ಧ ಸುತ್ತು ಹೆಚ್ಚು ತೆರೆದು ಶುರುಮಾಡಿ. ವಿಮಾನವನ್ನು ಭದ್ರವಾಗಿ ಹಿಡಿಯಲು ಒಬ್ಬರಿರಲಿ, ನೀವು ಪ್ರೊಪೆಲ್ಲರ್‌ನ ಹಿಂದೆ ನಿಂತು ಪೂರ್ತಿ ಥ್ರಾಟಲ್‌ನಲ್ಲಿ ನೀಡಲ್ ಮುಚ್ಚುತ್ತಾ ಬನ್ನಿ. ವೇಗ ಇನ್ನು ಏರುವುದಿಲ್ಲ ಎನ್ನುವ ಜಾಗ ಸಿಕ್ಕಮೇಲೆ, 200-300 ಆರ್‌ಪಿಎಂ ಇಳಿಯುವಷ್ಟು ಮತ್ತೆ ತೆರೆಯಿರಿ. ಮೂತಿಯನ್ನು ಆಕಾಶಕ್ಕೆ ಎತ್ತಿ ಹತ್ತು ಸೆಕೆಂಡು ಹಿಡಿಯಿರಿ. ಸದ್ದು ತುಸು ಏರಿದರೆ ಪರವಾಗಿಲ್ಲ. ಕುಗ್ಗಿದರೆ ಇನ್ನೂ ತೆರೆಯಬೇಕು.

ಹೊಸ ಎಂಜಿನ್ ಪಳಗಿಸುವುದರಲ್ಲೂ ಪಿಸ್ಟನ್ ನೋಡಿ ನಡೆಯಬೇಕು. ರಿಂಗ್ ಇರುವುದನ್ನೂ ಕಬ್ಬಿಣದ ಪಿಸ್ಟನ್‌ದನ್ನೂ ತುಂಬಾ ರಿಚ್ ಇಟ್ಟು, ಸ್ವಲ್ಪ ಸ್ವಲ್ಪ ಹೊತ್ತು ಓಡಿಸಿ, ತಣಿಯಲು ಬಿಡಿ. ಎಬಿಸಿಯನ್ನು ಹಾಗೆ ತಣ್ಣಗೆ ಓಡಿಸಿದರೆ ಲೈನರ್ ಹಿಗ್ಗುವುದೇ ಇಲ್ಲ, ಪಿಸ್ಟನ್ ಪ್ರತಿ ಸುತ್ತೂ ಆ ಕಿರಿದಾದ ಜಾಗಕ್ಕೆ ಉಜ್ಜಿ ಸವೆಯುತ್ತದೆ. ಅದು ಬೇಗ ಬಿಸಿಗೆ ಬರಬೇಕು, ತುಸುವೇ ರಿಚ್ ಇದ್ದರೆ ಸಾಕು.

ಹಂತ 8: ಸೈಲೆನ್ಸರ್ ಏನು ಹೇಳುತ್ತದೆ ಕೇಳಿ

ವಿಮಾನ ಇಳಿದ ಕೂಡಲೇ ಸೈಲೆನ್ಸರ್ ಬಾಯಲ್ಲಿ ನಿಂತ ಎಣ್ಣೆಯನ್ನು ಬಿಳಿ ಕಾಗದಕ್ಕೆ ಒತ್ತಿಕೊಳ್ಳಿ. ಸಿಂಥೆಟಿಕ್ ಹೆಚ್ಚಿದ್ದರೆ ಕಲೆ ಬಹುತೇಕ ಬಣ್ಣವಿಲ್ಲದೆ ಇರುತ್ತದೆ. ಹರಳೆಣ್ಣೆ ಇದ್ದರೆ ಹೊಂಬಣ್ಣದಿಂದ ತಿಳಿಗಂದು. ಇವೆರಡೂ ಆರೋಗ್ಯದ ಗುರುತು. ಕಲೆ ಬೂದು ಅಥವಾ ಕಪ್ಪಾಗಿದ್ದು, ಬಿಸಿಲಿಗೆ ವಾಲಿಸಿದಾಗ ಮಿಣುಕುವ ಕಣಗಳು ಕಂಡರೆ ಅದು ಅಲ್ಯೂಮಿನಿಯಂ. ಹೊಸ ಎಂಜಿನ್‌ನ ಮೊದಲ ಕೆಲವು ಟ್ಯಾಂಕಿನಲ್ಲಿ ಇದು ಸಹಜ, ಪಳಗಿದ ಎಂಜಿನ್‌ನಲ್ಲಿ ಅಲ್ಲ. ಕಂಚಿನ ಬಣ್ಣದ ಮಿಣುಕು ಕಂಡರೆ ಬುಶ್ ಸವೆಯುತ್ತಿದೆ. ಆ ದಿನದ ಹಾರಾಟ ಅಲ್ಲಿಗೇ ನಿಲ್ಲಿಸಿ, ಎಣ್ಣೆ ಮತ್ತು ನೀಡಲ್ ಎರಡನ್ನೂ ಮತ್ತೆ ನೋಡಿ.

ರಾಡ್‌ನ ಸ್ಥಿತಿ ತಿಳಿಯಲು ಪ್ಲಗ್ ಬಿಚ್ಚಿ, ಪಿಸ್ಟನ್ ಮೇಲ್ತುದಿಗಿಂತ ಸ್ವಲ್ಪ ಕೆಳಗಿರುವಂತೆ ನಿಲ್ಲಿಸಿ. ಪ್ಲಗ್ ತೂತಿನಿಂದ ಮೆತ್ತನೆಯ ಮರದ ಕಡ್ಡಿಯೊಂದನ್ನು ಪಿಸ್ಟನ್ ಮೇಲೆ ಊರಿ, ಇನ್ನೊಂದು ಕೈಯಿಂದ ಪ್ರೊಪೆಲ್ಲರ್ ಅನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ. ಪಿಸ್ಟನ್ ಕದಲುವ ಮೊದಲು ಪ್ರೊಪೆಲ್ಲರ್ ತುದಿ ಎಷ್ಟು ಸುಮ್ಮನೆ ಆಡುತ್ತದೆ ಎಂದು ಗಮನಿಸಿ. ಕೂದಲೆಳೆಯಷ್ಟು ಸಡಿಲ ಇರಲೇಬೇಕು. ತಿಂಗಳಿಂದ ತಿಂಗಳಿಗೆ ಅದು ಬೆಳೆಯುತ್ತಿದ್ದರೆ, "ಟಿಕ್" ಎಂದು ಕೈಗೆ ತಾಗುತ್ತಿದ್ದರೆ ಎಣ್ಣೆ ಸಾಲುತ್ತಿಲ್ಲ, ಇಲ್ಲವೇ ಎಂಜಿನ್ ಲೀನ್ ಓಡುತ್ತಿದೆ.

ಪೆಟ್ರೋಲ್ ಎಂಜಿನ್‌ನಲ್ಲಿ ಪ್ಲಗ್ಗಿನ ತುದಿ ತಿಳಿಗಂದು ಇದ್ದರೆ ಸರಿ. ಒಣಗಿ ಬೆಳ್ಳಗಿದ್ದರೆ ಲೀನ್. ಒದ್ದೆಯಾಗಿ ಕಪ್ಪಗಿದ್ದರೆ ರಿಚ್, ಅಥವಾ ಎಣ್ಣೆ ಜಾಸ್ತಿ. ಮೊದಲು ನೀಡಲ್ ಸರಿಮಾಡಿ, ಆಮೇಲೆ ಎಣ್ಣೆಯ ಮೇಲೆ ಅನುಮಾನ ಪಡಿ. ಎರಡನ್ನೂ ಒಂದೇ ದಿನ ಬದಲಿಸಿದರೆ ಯಾವುದು ಕೆಲಸ ಮಾಡಿತು ಎನ್ನುವುದು ಗೊತ್ತಾಗುವುದಿಲ್ಲ.

ಹಂತ 9: ದಿನದ ಕೊನೆಗೆ

ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಒಳಗೆ ಉಳಿದರೆ ಬಾಲ್ ಬೇರಿಂಗ್ ತುಕ್ಕು ಹಿಡಿಯುತ್ತದೆ, ಸಿಂಥೆಟಿಕ್ ಹೆಚ್ಚಿರುವ ಇಂಧನದಲ್ಲಿ ಇನ್ನೂ ಬೇಗ. ಕೊನೆಯ ಹಾರಾಟದ ನಂತರ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ಅನ್ನು ಒಮ್ಮೆ ಸ್ಟಾರ್ಟ್ ಮಾಡಿ ಪೈಪಿನಲ್ಲಿ ಉಳಿದದ್ದು ಸುಟ್ಟುಹೋಗುವವರೆಗೆ ಓಡಿಸಿ. ಕಾರ್ಬ್ಯುರೇಟರ್‌ಗೂ ಪ್ಲಗ್ ತೂತಿಗೂ ನಾಲ್ಕಾರು ಹನಿ ಸಂರಕ್ಷಕ ಎಣ್ಣೆ ಬಿಟ್ಟು, ಕೈಯಿಂದ ಕೆಲವು ಸುತ್ತು ತಿರುಗಿಸಿ. ಇಂಧನದ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಎಣ್ಣೆಯ ಶೇಕಡಾ, ಹರಳೆಣ್ಣೆಯ ಪಾಲು, ಬೆರೆಸಿದ ತಾರೀಖು ಈ ಮೂರನ್ನೂ ಡಬ್ಬಿಯ ಮೇಲೆ ಬರೆದಿಡಿ.

ಬಹಳ ಕಾಲ ಬಿಟ್ಟು ತೆಗೆದಾಗ ಹರಳೆಣ್ಣೆ ಅಂಟಿ ಎಂಜಿನ್ ತಿರುಗದಿದ್ದರೆ ಬಲ ಹಾಕಬೇಡಿ, ಸ್ಟಾರ್ಟರ್ ಅಂತೂ ಬೇಡವೇ ಬೇಡ, ರಾಡ್ ಬಾಗುತ್ತದೆ. ಟ್ಯಾಂಕಿನ ಪೈಪ್ ಕಳಚಿ, ಹತ್ತಿರ ಇಂಧನ ಇಲ್ಲದಂತೆ ನೋಡಿಕೊಂಡು, ಕೂದಲು ಒಣಗಿಸುವ ಬಿಸಿಗಾಳಿ ಯಂತ್ರವನ್ನು ಸಿಲಿಂಡರ್‌ಗೆ ಹಿಡಿಯಿರಿ. ಮೈ ಚೆನ್ನಾಗಿ ಬಿಸಿಯಾದ ಮೇಲೆ ಯಂತ್ರ ಆರಿಸಿ, ಒಂದೆರಡು ಹನಿ ತೆಳು ಎಣ್ಣೆ ಬಿಟ್ಟು ಪ್ರೊಪೆಲ್ಲರ್ ಅನ್ನು ಎರಡೂ ಕಡೆ ಮೆಲ್ಲಗೆ ಆಡಿಸಿ. ಒಂದು ಸಲಕ್ಕೆ ಬಿಡದಿದ್ದರೆ ಮತ್ತೆ ಬಿಸಿ ಮಾಡಿ. ಪೂರ್ತಿ ಸುತ್ತು ಸಲೀಸಾಗಿ ತಿರುಗಿದ ಮೇಲಷ್ಟೇ ಪ್ಲಗ್ ಹಾಕಿ, ಇಂಧನ ತುಂಬಿ.